ಎಂಟು ಗಬ್ಬದ ಕುರಿ, ಒಂದು ನನ್ನದು

ಕಳೆದ ವಾರ ಬೆಳಗಾವಿಯಲ್ಲಿ ಸದಾಶಿವನಗರದ ಕಡೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಕುಳಿತಿದ್ದೆ. ಮಳೆಯಲ್ಲಿ ನೆನೆದ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿದ. ಹಸಿ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಎದುರಿನ ಹುಡುಗಿ ಓಢಣಿಯನ್ನು ಮೂಗಿಗೆ ಹಿಡಿದಳು, ಮುಂದಿನವರು ಕಿಟಕಿ ಸರಿಸಿದರು. ನಾನು ಮಾತ್ರ ಒತ್ತರಿಸಿಕೊಂಡು ಆತನಿಗೆ ನನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟೆ. ನನ್ನದು ದೊಡ್ಡ ಮನಸ್ಸು ಎಂದು ದಯವಿಟ್ಟು ತಿಳಿಯಬೇಡಿ. ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಎದೆ ಇಂದಿಗೂ ಉಬ್ಬುತ್ತದೆ, ಅಷ್ಟೇ. ಯಾಕೆ ಎಂದು ಹೇಳಬೇಕಾದರೆ ನನ್ನ ಹೆಂಡತಿಯ ಕುರಿಗಳ ವಿಷಯವನ್ನೇ ಹೇಳಬೇಕು. ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ನಾನು ಹುಟ್ಟಿದ್ದು ಕುರುಬರ ಮನೆಯಲ್ಲೇ. ಆದರೆ ನಮ್ಮಪ್ಪ ಚಿಕ್ಕಂದಿನಲ್ಲೇ ಬೆಳಗಾವಿಗೆ ಬಂದು ಕಚೇರಿಯೊಂದರಲ್ಲಿ ಜವಾನನಾದ, ನಾನು ಓದಿ ಕಾರಕೂನನಾದೆ. ಕುರಿ ಬ್ಯಾ ಎನ್ನುತ್ತದೆ ಎಂಬುದು ನನಗೆ ಗೊತ್ತಿತ್ತು. ತಾಟಿಗೆ ಬಂದ ಮೇಲೆ ಅದನ್ನೂ ಅನ್ನುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ನನಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಲಕ್ಕವ್ವ ನನ್ನ ಹೆಂಡತಿಯಾಗಿ ಬಂದಳು. ಖಾನಾಪುರ ದಾಟಿ ನಂದಗಡದ ಹತ್ತಿರದ ಒಂದು ಹಳ್ಳಿಯವಳು, ಕುರಿಗಳ ನಡುವೆಯೇ ಬೆಳೆದವಳು. ಮೊದಲ ದಿನ ನನ್ನ ಫೈಲುಗಳನ್ನು ನೋಡಿ, "ಇವನ್ನೆಲ್ಲ ನೀವ ಒಬ್ರ ಕಾಯ್ತೀರೇನ್ರೀ?" ಎಂದು ಕೇಳಿದ್ದಳು.

ಮದುವೆಯಲ್ಲಿ ಅವಳಪ್ಪ ಎರಡು ಹೆಣ್ಣು ಕುರಿಗಳನ್ನು ಬಳುವಳಿಯಾಗಿ ಕೊಟ್ಟಿದ್ದ. ಪೇಟೆಯ ಬಾಡಿಗೆ ಮನೆಯಲ್ಲಿ ಅವನ್ನು ಕಟ್ಟುವುದೆಲ್ಲಿ? ತವರಿನ ಹಿಂಡಿನಲ್ಲೇ ಬಿಟ್ಟುಬಂದಳು. ಅವು ಈದ ಮರಿಗಳೂ ಮಗಳವೇ ಎಂಬುದು ಅವರಲ್ಲಿಯ ರಿವಾಜು. ಗುರುತಿಗೆಂದು ಅವಳಪ್ಪ ಅವುಗಳ ಎಡಗಿವಿಯಲ್ಲಿ ಒಂದು ಕಚ್ಚು ಹೆಚ್ಚಿಗೆ ಹಾಕಿದ್ದ. ಮುಂದೆ ಆತ ತೀರಿಕೊಂಡ, ಹಿಂಡು ಅವಳ ಅಣ್ಣ ಬೀರಪ್ಪನ ಕೈಗೆ ಬಂತು. ಪ್ರತಿ ವರ್ಷ ಪಂಚಮಿಗೆ ತವರಿಗೆ ಹೋದಾಗ ಬೀರಪ್ಪ ತಂಗಿಗೆ ಹೋಳಿಗೆ ಬಡಿಸಿ, ಪಕ್ಕದಲ್ಲಿ ಕುಳಿತು ಮೆಲ್ಲಗೆ ಸುದ್ದಿ ಹೇಳುತ್ತಿದ್ದ: "ನಿನ್ನ ಕರಿ ಕುರಿ ತ್ವಾಳ ಹಿಡೀತು ತಂಗಿ." ಮರುವರ್ಷ ಅವಳ ಎರಡು ಮರಿಗಳನ್ನು ತೋಳ ಹಿಡಿದಿತ್ತು. ಅದರಾಚೆಯ ವರ್ಷ ಇನ್ನೊಂದು ಕುರಿಯನ್ನು. ಖಾನಾಪುರದ ಕಾಡಿನ ತೋಳಗಳಿಗೆ ನನ್ನ ಹೆಂಡತಿಯ ಕುರಿಗಳ ರುಚಿ ಎಷ್ಟು ಹತ್ತಿತ್ತೆಂದರೆ, ಬೀರಪ್ಪನ ಒಂದು ಕುರಿಯನ್ನೂ ಅವು ಮೂಸಿ ನೋಡಲಿಲ್ಲ. ಕೊನೆಗೆ ಅವಳದೆಂಬುದು ಒಂದೂ ಉಳಿಯಲಿಲ್ಲ.

ಕುರಿಗಾರರಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಕುರಿ ಕಾಯುವವನು, ಕುರಿ ಸತ್ತರೆ ಅದರ ಕಿವಿಯನ್ನು ತಂದು ಒಡೆಯನಿಗೆ ತೋರಿಸಬೇಕು. ಕಿವಿಯ ಕಚ್ಚು ನೋಡಿದ ಮೇಲೆಯೇ ಅದು ಸತ್ತದ್ದು ಖರೆ. ನಾನು ಕಾರಕೂನನಲ್ಲವೇ, ಪುರಾವೆ ಇಲ್ಲದ ಕಾಗದಕ್ಕೆ ಸಹಿಯನ್ನೇ ಹಾಕುವವನಲ್ಲ. "ಕಿವಿ ಕೇಳು" ಎಂದು ಗಂಟುಬಿದ್ದೆ. ಲಕ್ಕವ್ವ ಒಪ್ಪಲಿಲ್ಲ. ಕೂಲಿಯವನನ್ನು ಕೇಳಬಹುದು, ಒಡಹುಟ್ಟಿದವನನ್ನು ಕೇಳಿದರೆ ಕಳ್ಳ ಎಂದಂತೆ. "ಅಣ್ಣಗ ಕಿವಿ ಕೇಳೂದಂದ್ರ ತವರಮನಿ ಬಾಗಲಾ ನಾನ ಹಾಕ್ಕೊಂಡಂಗ್ರೀ" ಎಂದಳು. ಮತ್ತೆ ಹೇಳಿದಳು: "ಸತ್ರ ನಂದು, ಈದ್ರ ಅಣ್ಣಂದು. ಇನ್ನ ಸಾಕು. ನಂದ ಅಂತ ಒಂದ ಹಿಂಡ ಆಗಬೇಕು."

ಹಿಂಡಿಗೆಂದೇ ನಾವು ಬೆಳಗಾವಿ ಪಕ್ಕದ ಹಿಂಡಲಗಾದ ಅಂಚಿಗೆ, ಹಿತ್ತಲಿದ್ದ ಮನೆಗೆ ಹೋದೆವು. ಗಬ್ಬದ ಕುರಿಗಳನ್ನೇ ತರುವುದೆಂದು ಅವಳು ನಿಶ್ಚಯಿಸಿದಳು. "ಹೊಟ್ಟ್ಯಾಗ ಮರಿ ಇದ್ದದ್ದ ತಂದ್ರ ಒಂದಕ್ಕ ಎರಡ ಬಂದಂಗ" ಎಂಬುದು ಅವಳ ಗಣಿತ. ದುಡ್ಡು ಎಲ್ಲಿಂದ ಬಂತೆಂದು ಕೇಳಬೇಡಿ, ಅದನ್ನು ಅವಳು ನನಗೂ ಹೇಳಿಲ್ಲ. ವಿಷಯ ತಿಳಿದು ಬೀರಪ್ಪ ನಕ್ಕ. "ಪ್ಯಾಟ್ಯಾಗ ಕುರಿ ಉಳೀತಾವೇನ ಹುಚ್ಚಿ? ಮಳಿಗಾಲ ಬರೂದ್ರಾಗ ಹೊಡಕೊಂಡು ನನ್ನ ಹಟ್ಟಿಗೇ ಬರತಿ. ಬಾ, ಬ್ಯಾಡ ಅನ್ನಂಗಿಲ್ಲ. ನಾನ ಕಾಯ್ತೀನಿ." ಅವನು ಕಾಯುವುದೆಂದರೆ ಏನೆಂದು ನಿಮಗೆ ಈಗಾಗಲೇ ಗೊತ್ತಾಗಿದೆ. ಈ ಕುರಿಗಳು ನಮ್ಮ ಕೈಯಲ್ಲಿ ಉಳಿಯದಿದ್ದರೆ ಅವಳ ಪಾಲಿಗೆ ಇನ್ನು ಹಿಂಡೆಂಬುದಿರಲಿಲ್ಲ.

ನಾನು ಐದು ದಿನ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣ ಏನು ಬರೆಯುವುದು? "ಮನೆಯಲ್ಲಿ ಹೆರಿಗೆ" ಎಂದು ಬರೆದೆ. ಯೋಚಿಸಿ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ನಂದಗಡದ ಸಂತೆಗೆ ಬೆಳಿಗ್ಗೆಯೇ ಮುಟ್ಟಿದೆವು. ಲಕ್ಕವ್ವ ಕುರಿಗಳತ್ತ ಒಮ್ಮೆ ಕಣ್ಣು ಹಾಯಿಸಿ ಒಂದು ಮರದ ಕೆಳಗೆ ಕುಳಿತೇಬಿಟ್ಟಳು. ಎಲೆಯಡಿಕೆ ಹಾಕಿಕೊಂಡಳು, ಗುರುತಿನವರ ಸುಖದುಃಖ ಕೇಳಿದಳು, ಕುರಿ ಮಾತ್ರ ಕೇಳಲಿಲ್ಲ. ನನಗೋ ಚಡಪಡಿಕೆ. ಒಳ್ಳೆಯ ಕುರಿಗಳೆಲ್ಲ ಬೇರೆಯವರ ಪಾಲಾಗುತ್ತಿವೆ, ಇವಳು ಹರಟೆ ಹೊಡೆಯುತ್ತಿದ್ದಾಳೆ. ತಡೆಯಲಾರದೆ ಎದ್ದು ಹೋದೆ. ಒಬ್ಬ ವ್ಯಾಪಾರಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, "ಬಘಾ ಸಾಹೇಬ, ಹೊಟ್ಟಿ ನೋಡ್ರಿ. ಜೋಡಿ ಮರಿ ಅದಾವ" ಎಂದ. ನಿಜಕ್ಕೂ ಗುಡಾಣದಂಥ ಹೊಟ್ಟೆ. ಕೊಂಡು, ಮೀಸೆ ತಿರುವುತ್ತ ಹೆಂಡತಿಯ ಮುಂದೆ ತಂದು ನಿಲ್ಲಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, "ಕಟ್ಟ್ರಿ ಇಲ್ಲೇ" ಎಂದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಕುರಿ ಐದಾರು ಸಲ ಉಚ್ಚೆ ಹೊಯ್ದು ನನ್ನ ಕಣ್ಣೆದುರಿಗೇ ಸಣ್ಣಗಾಯಿತು. "ಉಪ್ಪ ತಿನಿಸಿ ನೀರ ಕುಡಿಸ್ಯಾರ್ರೀ" ಎಂದು ಲಕ್ಕವ್ವ ಶಾಂತವಾಗಿ ಹೇಳಿದಳು. "ನಿಮ್ಮ ಕುರಿಗೆ ಹೊಟ್ಟ್ಯಾಗ ಬಾವಿ ಐತಿ, ಮರಿ ಇಲ್ಲ." ಆಗ ಎದ್ದಳು ನೋಡಿ. ಸಂತೆಯ ಕುರಿಗಳೆಲ್ಲ ಕುಡಿದ ನೀರನ್ನು ಬಿಟ್ಟುಕೊಟ್ಟು ತಮ್ಮ ಖರೆ ಹೊಟ್ಟೆಯಲ್ಲಿ ನಿಂತಿದ್ದವು. ಒಂದೊಂದರ ಹಿಂದೆಯೂ ಬಗ್ಗಿ, ಕೆಚ್ಚಲಿನ ಮುಂದೆ ಎರಡೂ ಅಂಗೈ ಇಟ್ಟು, ಹೊಟ್ಟೆಯನ್ನು ಮೆಲ್ಲಗೆ ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದಳು. ಒಳಗೆ ಏನೋ ಗಟ್ಟಿಯಾದದ್ದು ಅಂಗೈಗೆ ಬಡಿದರೆ ಮಾತ್ರ ಕಣ್ಣು ತೆರೆಯುತ್ತಿದ್ದಳು. ಹಾಗೆ ಎಂಟು ಆರಿಸಿದಳು. ನೋಡಿದರೆ ಎಲ್ಲವೂ ಬಡಕಲು. ಅಲ್ಲಿಗೆ ಬಂದಿದ್ದ ಬೀರಪ್ಪ ಅವುಗಳ ಬೆನ್ನು ಸವರಿ, "ಎಲುಬು ತೊಗೊಂಡೀ ತಂಗಿ. ಇರಲಿ, ಲಾರಿ ಐತಿ, ಬೆಳಗಾವಿ ಮಟಾ ಒಯ್ದ ಬಿಡತೇನಿ" ಎಂದ.

"ಬ್ಯಾಡಣ್ಣ. ಲಾರಿ ಕುಲುಕಿದ್ರ ಕಂದ ಹಾಕತಾವ, ಮರಿ ಉಳಿಯಂಗಿಲ್ಲ. ನಾವ ನಡಸ್ಕೊಂಡ ಹೋಗ್ತೇವಿ."

ನಾವು ಎಂದರೆ ನಾನೂ ಸೇರಿದ್ದೇನೆ ಎಂಬುದು ನನಗೆ ಆಗಲೇ ತಿಳಿದದ್ದು. ಲಾರಿಗೆ ಒಂದೆರಡು ತಾಸಿನ ದಾರಿಯನ್ನು ನಾವು ನಾಲ್ಕು ದಿನ ನಡೆದೆವು. ಬಿಸಿಲೇರುವ ಮೊದಲು ಸ್ವಲ್ಪ, ಬಿಸಿಲು ಇಳಿದ ಮೇಲೆ ಸ್ವಲ್ಪ, ನಡುವೆ ನೆರಳಲ್ಲಿ ಮಲಗುವುದು. ಖಾನಾಪುರದ ಸೇತುವೆಯ ಮೇಲೆ ಬಸ್ಸುಗಳು ಹಾರ್ನ್ ಹೊಡೆದರೂ ಅವಳು ಕುರಿಗಳನ್ನು ಓಡಿಸಲಿಲ್ಲ. "ಬಸರಿಯಾರು ಓಡತಾರೇನ್ರೀ?" ಎಂದು ಡ್ರೈವರನನ್ನೇ ಕೇಳಿದಳು. ಭತ್ತ ಕೊಯ್ದ ಗದ್ದೆಗಳ ರೈತರು ಗೊಬ್ಬರದ ಆಸೆಗೆ ನಮ್ಮನ್ನು ಕರೆಕರೆದು ತಂಗಿಸಿಕೊಂಡು ಅನ್ನ ಹಾಕಿದರು. ಅಷ್ಟು ವರ್ಷ ನಾನು ಬರೆದ ಕಾಗದಗಳಿಗೆ ಸಿಗದ ಮರ್ಯಾದೆ ಆ ಕುರಿಗಳ ಹಿಕ್ಕೆಗೆ ಸಿಕ್ಕಿದ್ದನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನ ಬಾವಿ ಕುರಿ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಎಲ್ಲ ಕುರಿಗಳ ಮುಂದೆ ನಾನು, ನನ್ನ ಧೋತರದ ಚುಂಗು ಜಗಿಯುತ್ತ ಅದು.

ನಾಲ್ಕನೆಯ ದಿನ ದೇಸೂರಿನ ಹತ್ತಿರ ಒಂದು ಕುರಿ ಹೆಜ್ಜೆ ನಿಲ್ಲಿಸಿತು. ಲಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಮರೆಗೆ ಅದನ್ನು ಕರೆದೊಯ್ದಳು. ಕುರಿ ಉಳಿಯುವುದಿಲ್ಲ ಎಂದು ಬೀರಪ್ಪ ಹೇಳಿದ್ದು ಖರೆಯಾಯಿತೆಂದೇ ತಿಳಿದೆ. ಅರ್ಧ ತಾಸಿನಲ್ಲಿ ಅವಳು ಉಡಿಯಲ್ಲಿ ಒಂದು ಕರಿಯ ಹೆಣ್ಣು ಮರಿಯನ್ನು ಇಟ್ಟುಕೊಂಡು ಹೊರಗೆ ಬಂದಳು. ಮರಿ ಆಗಲೇ ಅವಳ ಬೆರಳು ಚೀಪುತ್ತಿತ್ತು. ಆ ಹೊತ್ತಿನ ಅವಳ ಮುಖವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಬೆಳಗಾವಿ ಮುಟ್ಟಿದಾಗ ಟಿಳಕವಾಡಿಯ ಮೂರನೇ ರೈಲ್ವೆ ಗೇಟು ಹಾಕಿತ್ತು. ರೈಲಿಗಾಗಿ ಕಾಯುತ್ತಿದ್ದವರಲ್ಲಿ, ಸ್ಕೂಟರಿನ ಮೇಲೆ, ನಮ್ಮ ಕಚೇರಿಯ ಸಾಹೇಬರು. ಅಡಗಲು ಕುರಿಗಳ ಹಿಂದೆ ಕುಕ್ಕರಿಸುವುದೊಂದೇ ದಾರಿ, ಕುಕ್ಕರಿಸಿದೆ. ನನ್ನ ಕುರಿಗೆ ಅದು ಆಟವೆನಿಸಿ ತಲೆಯಿಂದ ದೂಡಿ ನನ್ನನ್ನು ಅವರ ಸ್ಕೂಟರಿನ ಮುಂದೆಯೇ ಬೀಳಿಸಿತು.

"ಏನ್ರೀ, ಹೆರಿಗಿ ಆತೇನು?" ಎಂದರು ಸಾಹೇಬರು.

"ಆತ್ರೀ ಸಾಹೇಬ್ರ. ಹೆಣ್ಣು" ಎಂದೆ, ಲಕ್ಕವ್ವನ ಉಡಿ ತೋರಿಸಿ. "ಇನ್ನೂ ಏಳು ಬಾಕಿ ಅದಾವ್ರೀ."

"ಅಷ್ಟಕ್ಕೂ ರಜಾ ಕೊಡಾಕ ಆಗಂಗಿಲ್ಲ" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಗೇಟಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಟಿಳಕವಾಡಿಯಿಂದ ಹಿಂಡಲಗಾದವರೆಗೆ ನಡುರಸ್ತೆಯಲ್ಲಿ ತಲೆಯೆತ್ತಿ ನಡೆದೆ.

ಶಿವರಾತ್ರಿ ದಾಟುವಷ್ಟರಲ್ಲಿ ಎಂಟೂ ಈದವು. ಒಂದು ಅವಳಿ ಹಾಕಿತು. ಒಂಬತ್ತೂ ಮರಿಗಳು ಮಳೆಗಾಲ ದಾಟಿದವು, ಬೀರಪ್ಪನ ಹಟ್ಟಿಯ ಮೋರೆ ನೋಡಲಿಲ್ಲ. ಲಕ್ಕವ್ವ ಅವಕ್ಕೆ ಅಪ್ಪನ ಕಚ್ಚನ್ನು ಹಾಕದೆ, ಬಲಗಿವಿಯಲ್ಲಿ ತನ್ನದೇ ಜೋಡಿ ಕಚ್ಚು ಹಾಕಿದಳು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅವಳ ಹಿಂಡು ರಸ್ತೆ ದಾಟುವಾಗ ಹಿಂಡಲಗಾದ ಬಸ್ಸು ಎಂಜಿನ್ ಬಂದ್ ಮಾಡಿ ನಿಲ್ಲುತ್ತಿತ್ತು. ನನ್ನ ಕುರಿಯೂ ಮುಂದೆ ಈದಿತು, ಅದರ ಮಾನ ಕಾಯಲು ಇದನ್ನೂ ಹೇಳಿಬಿಡುತ್ತೇನೆ.

ಆ ದಿನಗಳಲ್ಲೇ ಒಂದು ಸಂಜೆ ಬೀರಪ್ಪ ಬಂದ. ರೋಗ ಬಂದು ಅವನ ಹಟ್ಟಿ ಅರ್ಧ ಬರಿದಾಗಿತ್ತು. ಹೊಸ್ತಿಲಲ್ಲೇ ನಿಂತು, "ಗಬ್ಬದ್ದು ನಾಕ ಕುರಿ ಬೇಕಾಗಿದ್ವು ಲಕ್ಕವ್ವಾ. ನೀನ ಆರಿಸಿ ಕೊಡು" ಎಂದ. ಎಷ್ಟೋ ವರ್ಷದಿಂದ ಅವನಿಗಾಗಿ ನಾನೊಂದು ಭಾಷಣ ತಯಾರು ಮಾಡಿ ಇಟ್ಟಿದ್ದೆ. ಅವಳು ನನ್ನ ಕಡೆ ನೋಡಿದ ಒಂದೇ ನೋಟಕ್ಕೆ ಅದನ್ನು ನುಂಗಿಕೊಂಡೆ. ಅಣ್ಣನಿಗೆ ರೊಟ್ಟಿ ಬಡಿಸಿ, ಹಿಂಡಿನೊಳಗೆ ಹೋಗಿ, ಎಲ್ಲಕ್ಕಿಂತ ಒಳ್ಳೆಯ ನಾಲ್ಕನ್ನೇ ಆರಿಸಿ ತಂದಳು.

ಬೀರಪ್ಪ ತಲೆ ಎತ್ತಲಿಲ್ಲ. "ನಿನ್ನ ಕುರಿ ತ್ವಾಳ ತಿಂದಿರಲಿಲ್ಲ, ತಂಗಿ" ಎಂದ.

"ಗೊತ್ತೈತಣ್ಣ. ತ್ವಾಳ ಕಿವಿ ನೋಡಿ ತಿನ್ನೂದಿಲ್ಲ."

ಅವನ ಕಣ್ಣಲ್ಲಿ ನೀರು ಬಂತು. ಅವಳು ನಾಲ್ಕರಲ್ಲಿ ಒಂದರ ಕೊರಳು ಹಿಡಿದು, "ಮೂರು ನಿಂದು. ಇದು ನಿನ್ನ ಮಗಳ ಬಳುವಳಿ. ಇದು ಈದದ್ದೆಲ್ಲಾ ಆಕೀವು. ಇದೇನರ ಸತ್ರ ಕಿವಿ ತಂದ ತೋರಸಬೇಕು ನನಗ" ಎಂದಳು. ಕೊನೆಗೂ ಕೇಳಿದಳು ಎಂದು ನಾನು ಒಳಗೊಳಗೇ ಕುಣಿದೆ.

ಆ ಕುರಿ ಬಹಳ ವರ್ಷ ಬಾಳಿತು. ಅವನ ಮಗಳ ಮದುವೆಯ ಹೊತ್ತಿಗೆ ಅದರ ಸಂತಾನವೇ ಒಂದು ಸಣ್ಣ ಹಿಂಡಾಗಿತ್ತು. ಅದು ಮುಪ್ಪಾಗಿ ಸತ್ತಾಗ ಬೀರಪ್ಪ ಬಸ್ಸು ಹತ್ತಿ ಬಂದು, ಮುತ್ತುಗದ ಎಲೆಯಲ್ಲಿ ಸುತ್ತಿದ ಕಿವಿಯನ್ನು ತಂಗಿಯ ಅಂಗೈಯಲ್ಲಿಟ್ಟು ಹೋದ.

ಕಳೆದ ವಾರ ಆ ಸಿಟಿ ಬಸ್ಸಿಳಿದು ಮನೆಗೆ ಬಂದವನು ಲಕ್ಕವ್ವನಿಗೆ ಇದೆಲ್ಲ ನೆನಪಾದದ್ದನ್ನು ಹೇಳಿದೆ. ಇಷ್ಟು ವರ್ಷದಿಂದ ಕೇಳದೆ ಉಳಿದ ಒಂದು ಮಾತನ್ನೂ ಕೇಳಿದೆ: ಆ ಕಿವಿಯಲ್ಲಿ ಅವಳ ಜೋಡಿ ಕಚ್ಚು ಇತ್ತೇ?

ಅವಳು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದಳು.

"ಯಾರಿಗ್ಗೊತ್ರೀ? ನಾ ಎಲಿ ಬಿಚ್ಚಲೇ ಇಲ್ಲ. ಅಣ್ಣ ತಂದ ಕೊಟ್ಟಾನ ಅಂದ ಮ್ಯಾಲ ನೋಡೂದೇನೈತಿ? ಹಂಗ ಒಯ್ದು ಹಿತ್ತಲದಾಗ ಹುಗದ ಬಂದೆ."