ಅಡಕಲ ಗಡಿಗೆಗಳ ಆಚೆಯ ಕೋಣೆ

ಬೆಲ್ಲದ ಬಾಗೇವಾಡಿಯ ಆ ಮನೆಯವರು ಈಗ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: ‘ನಮ್ಮ ಆಯಿಗೆ ಕೋಣಿ ಕೊಡಿಸಿದ್ದು ಕಂಪ್ಯೂಟರ್.’ ಚಹಾದ ಜೊತೆ ಈ ಕತೆಯನ್ನೂ ಕೊಡುತ್ತಾರೆ, ಕುಡಿದವರು ತಲೆದೂಗಿ ಹೋಗುತ್ತಾರೆ. ನನ್ನ ತಕರಾರಿದೆ. ಆಯಿಗೆ ಕೋಣೆಯೇ ಇಲ್ಲವೆಂದು ಮೊದಲು ಹೇಳಿದ್ದು ಅದೇ ಕಂಪ್ಯೂಟರ್. ಅದರ ಬಾಯಿ ಮುಚ್ಚಿಸಿದ್ದು ನಾನು. ಮುಚ್ಚಿಸಿದ ಮೇಲೂ ವಾದ ಗೆಲ್ಲಲಿಲ್ಲ ಎನ್ನುವುದು ಕಾಕಾರಿಗೂ ಗೊತ್ತು.

ಕಾಕಾ ಅಂದರೆ ಆ ಮನೆಯ ಯಜಮಾನರು. ನಂಟೇನಲ್ಲ, ಹಾಗೆ ಕರೆಯುತ್ತೇನೆ ಅಷ್ಟೆ. ಹಳೆಯ ಮನೆ ಕೆಡವಿ ಅಲ್ಲೇ ಹೊಸದು ಕಟ್ಟಬೇಕೆಂದು, ನಾನು ನಕ್ಷೆ ಮಾಡುವ ಗೋಕಾಕದ ಆಫೀಸಿಗೆ ಬಂದಿದ್ದರು. ಆಯಿ ಅವರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಇಲ್ಲೇ ಉಳಿದವರು. ಪಡಸಾಲೆಯ ಒಂದು ತುದಿಯಲ್ಲಿ ನೆಲದಿಂದ ತೊಲೆಯವರೆಗೆ ಗಡಿಗೆಯ ಮೇಲೆ ಗಡಿಗೆ ಪೇರಿಸಿದ ಅಡಕಲು ಸಾಲು. ಬೀಳದಂತೆ ಹಿಡಿಯಲು ಸುತ್ತ ಕಟ್ಟಿಗೆಯ ಚೌಕಟ್ಟು. ಒಳಗೆ ತೊಗರಿ, ಹುಣಸೆ, ಬೀಜದ ಜೋಳ. ಆ ಸಾಲಿನ ಆಚೆ ಆಯಿಯ ಮಂಚ, ಪೂಜೆಯ ಮಣೆ, ಹಗ್ಗದ ಮೇಲೆ ಸೀರೆ. ಗೋಡೆಯಿಲ್ಲ, ಬಾಗಿಲಿಲ್ಲ.

ಅಳತೆಗೆ ಹೋದ ದಿನ ಕಾಕಾ ಟೇಪಿನ ತುದಿ ಹಿಡಿದು ಗಡಿಗೆಗಳ ಹತ್ತಿರ ನಿಂತರು, ಕೆಮ್ಮಿದರು, ಆಮೇಲೆ ಆಚೆ ಹೋದರು. ಅವರ ಹೆಂಡತಿ ಕೆಳಗಿನ ಗಡಿಗೆಯನ್ನು ಉಗುರಿನಿಂದ ತಟ್ಟಿ ಒಳಗೆ ಹೋದರು. ನಾನು ಸೀದಾ ನುಗ್ಗಿದೆ. ಆಯಿ ಸೆರಗು ಎಳೆದುಕೊಂಡು, ‘ಗೋಡಿ ಕಾಣಲಿಲ್ಲೇನು ನಿನಗ?’ ಅಂದರು. ಚೇಷ್ಟೆಯ ಮಾತು ಅಂದುಕೊಂಡು ನಕ್ಕೆ.

ಹೊಸ ಮನೆಯಲ್ಲೂ ಗಡಿಗೆ ಹೀಗೇ ಇರಬೇಕು ಎನ್ನುವುದೊಂದೇ ಆಯಿಯ ಕೇಳಿಕೆ. ‘ಗಡಗಿ ಎಲ್ಲಿ ಇರ್ತಾವೋ ಅಲ್ಲಿ ನಾ ಇರ್ತೇನಿ.’ ಕಾಕಾರಿಗೆ ಬೇಕಿದ್ದದ್ದು ಮದುವೆ ಮಾತುಕತೆಗೆ ನಾಲ್ಕು ಊರಿನ ಮಂದಿ ಕೂತರೂ ಸಾಲುವಂಥ ಬಯಲು ಪಡಸಾಲೆ. ಇಡೀ ಪಡಸಾಲೆಯೇ ಅಕ್ಕನದು, ಅದರೊಳಗೆ ಬೇರೆ ಕೋಣೆ ಯಾಕೆ ಎಂದು ಅವರು ಕೇಳುವಾಗ ಅದರಲ್ಲಿ ಕಪಟವಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ಒಪ್ಪಂದ ಹೇಳಿದರು: ‘ಕೋಣಿ ಆಗತೈತಿ ಅಂದ್ರ ತೋರ್ಸು. ಇಲ್ಲಂದ್ರ ಗಡಗಿ ಅಟ್ಟಕ್ಕ.’

ಗೋಕಾಕಕ್ಕೆ ಬಂದವನೇ ಕೂತೆ. ನಮ್ಮ ಸಾಫ್ಟ್‌ವೇರಿನಲ್ಲಿ ಬರೀ ಗೆರೆ ಎಳೆಯುವುದಿಲ್ಲ, ಇಡೀ ಮನೆಯನ್ನೇ ಒಳಗೆ ಕಟ್ಟುತ್ತೇವೆ. ಗೋಡೆ, ಕಿಟಕಿ ಅದರಲ್ಲೇ ಸಿಗುತ್ತವೆ. ಅಡಕಲು ಗಡಿಗೆ ಎಲ್ಲಿ ಸಿಗಬೇಕು? ಅದನ್ನು ನಾನೇ ತಯಾರಿಸಿದೆ, ಚೌಕಟ್ಟಿನ ಸಮೇತ. ತಂದು ನಿಲ್ಲಿಸಿ, ಆಯಿಯ ಮಂಚದ ಮೇಲೆ ‘ಇದು ಕೋಣೆ’ ಎಂದು ಗುರುತು ಇಟ್ಟೆ. ಕೋಣೆ ಸಿಕ್ಕರೆ ಗಡಿಯವರೆಗೆ ನೀಲಿ ಬಣ್ಣ ತುಂಬಬೇಕು. ನೀಲಿ ಗಡಿಗೆಗಳನ್ನು ದಾಟಿ, ಪಡಸಾಲೆ ತುಂಬಿ, ತಲೆಬಾಗಿಲಿಗೆ ಹೋಗಿ ನಿಂತಿತು. ಅದರ ಲೆಕ್ಕದಲ್ಲಿ ನನ್ನ ಗಡಿಗೆಗಳು ಕುರ್ಚಿ, ಸ್ಟೂಲಿನ ಜಾತಿ. ಕುರ್ಚಿ ಎಲ್ಲಾದರೂ ಗಡಿಯಾಗುತ್ತದೆಯೇ?

ಆಫೀಸಿನ ಮಾಲೀಕರಾದ ಸರ್ ಬಂದು ನೋಡಿ, ‘ಒಂದು ಗೆರಿ ಎಳದು ಮುಗಸು’ ಅಂದರು. ಕೋಣೆ ಬೇರ್ಪಡಿಸುವ ಬರಿಯ ಗೆರೆ ಆ ಸಾಫ್ಟ್‌ವೇರಿನಲ್ಲಿದೆ, ಖರೆ. ಎಳೆದೆ, ಕೋಣೆ ಎರಡಾಯಿತು. ಆದರೆ ಮೂಡಲಗಿಯ ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಚಟ ಬಿಡಲಿಲ್ಲ: ನಿನ್ನ ವಾದವನ್ನು ಮೊದಲು ನೀನೇ ಒದ್ದು ನೋಡು. ಗಡಿಗೆಗಳನ್ನು ಹಿಡಿದು ಆಚೆ ಸರಿಸಿದೆ. ಗೆರೆ ಇದ್ದಲ್ಲೇ ಬಿದ್ದಿತ್ತು. ಗೆರೆಯಿಂದಲೇ ಕೋಣೆ ಆಗುವುದಾದರೆ ಗಡಿಗೆ ಅಟ್ಟದ ಮೇಲಿದ್ದರೇನು ಎಂದು ಕಾಕಾ ಕೇಳದೆ ಬಿಡುತ್ತಾರೆಯೇ? ಗಡಿಗೆಯೇ ಗಡಿಯಾಗಬೇಕು, ಅದು ಹೋದಲ್ಲಿ ಕೋಣೆ ಹೋಗಬೇಕು. ‘ಗಡಗಿ ಪರ ವಕೀಲಕಿ ಮಾಡಾಕ ಪಗಾರ ಕೊಡ್ತೇನೇನು ನಿನಗ?’ ಎಂದು ಸರ್ ನಕ್ಕು ಹೋದರು.

ಹುಕ್ಕೇರಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. ನಾವೇ ಮಾಡಿದ ಸಾಮಾನು ಗಡಿಯಾಗುವುದು ಆಗದ ಮಾತು ಅಂದ. ಆಗದ ಮಾತು ಅಂದರೆ ನನಗೆ ಎಲ್ಲಿಲ್ಲದ ಹುರುಪು. ಗೋಡೆ ಬಿಟ್ಟರೆ ಈ ಯಂತ್ರ ಬೇರೆ ಯಾರಿಗೆ ಮರ್ಯಾದೆ ಕೊಡುತ್ತದೆ ಎಂದು ಹುಡುಕಿದೆ. ಕಂಬಕ್ಕೆ! ಕಂಬಗಳ ಸುತ್ತ ನೀಲಿ ಅಂಚು ಕಟ್ಟಿ ನಿಂತಿತ್ತು. ಗಡಿಗೆಗಳ ಫೈಲು ತೆರೆದು, ಅವನ್ನು ಕುರ್ಚಿಯ ಜಾತಿಯಿಂದ ತೆಗೆದು ಕಂಬದ ಜಾತಿಗೆ ಸೇರಿಸಿದೆ. ಮತ್ತೆ ಮನೆಯೊಳಗೆ ತಂದಾಗ ಅದರ ವಿವರದಲ್ಲಿ ಹಿಂದೆ ಇಲ್ಲದ ಒಂದು ಪುಟ್ಟ ಚೌಕ: ಇದು ಕೋಣೆಯ ಗಡಿಯೇ? ಟಿಕ್ ಹಾಕಿದೆ. ನೀಲಿ ತಲೆಬಾಗಿಲಿನಿಂದ ಹಿಂದೆ ಸರಿದು ಬಂದು ಗಡಿಗೆಗಳ ಒಳಗೆ, ಆಯಿಯ ಮಂಚದ ಸುತ್ತ ಕೂತುಕೊಂಡಿತು. ಗಡಿಗೆ ಸರಿಸಿದೆ, ಕೋಣೆ ಬೆಳೆಯಿತು. ಮಂಚದ ಕಡೆ ತಂದೆ, ಕುಗ್ಗಿತು. ಬೆಳೆಸಿದೆ, ಕುಗ್ಗಿಸಿದೆ, ಮತ್ತೆ ಬೆಳೆಸಿದೆ. ಎದ್ದು ನಿಂತ ರಭಸಕ್ಕೆ ಕುರ್ಚಿ ಬಿದ್ದು ಸರ್ ಓಡಿ ಬಂದರು.

ಮರುದಿನ ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗಪ್ಪಿ ಬಾಗೇವಾಡಿಗೆ ಹೋದೆ. ಕಾಕಾ ಕನ್ನಡಕ ಏರಿಸಿ ಮೊದಲು ನೋಡಿದ್ದೇ ಕಂಬಗಳ ಪಟ್ಟಿಯನ್ನು. ‘ಕಂಬದಾಗ ಗಡಗಿ ಯಾಕ ಐತಿ? ಇದರ ಮ್ಯಾಲೆ ಸ್ಲ್ಯಾಬ್ ನಿಂದರಸ್ತೀಯೇನು?’ ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಹುಮ್ಮಸ್ಸಿನಲ್ಲಿ ಟಿಕ್ ತನಕ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಕಾ ಸುಮ್ಮನೆ ಕೇಳಿ, ನನ್ನ ಕೈಯಿಂದ ಮೌಸು ತೆಗೆದುಕೊಂಡು ಆ ಟಿಕ್ ತೆಗೆದರು. ನೀಲಿ ಮತ್ತೆ ತಲೆಬಾಗಿಲಿಗೆ ಹರಿಯಿತು.

‘ನೋಡು, ಹೋತು ಕೋಣಿ. ಒಂದು ಟಿಕ್ಕಿನ್ಯಾಗ ಬರೂದು, ಒಂದು ಟಿಕ್ಕಿನ್ಯಾಗ ಹೋಗೂದು. ಇದಕ್ಕ ಕೋಣಿ ಅಂತಾರೇನು?’

ಇಷ್ಟು ಚೊಕ್ಕವಾದ ಖಂಡನೆಯನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿರಲಿಲ್ಲ. ಯಂತ್ರ ನಾನು ಹೇಳಿಕೊಟ್ಟಿದ್ದನ್ನೇ ಹೇಳಿತ್ತು. ಹೇಳಿಕೊಟ್ಟ ಸಾಕ್ಷಿಯನ್ನು ಯಾರು ನಂಬುತ್ತಾರೆ? ಗಡಿಗೆ ಅಟ್ಟಕ್ಕೇ ಹೋಗಲಿ, ಅಕ್ಕನಿಗೆ ಹೇಳಿ ಬರುತ್ತೇನೆ ಎನ್ನುತ್ತ ಕಾಕಾ ಎದ್ದರು. ಪಡಸಾಲೆಯ ತುದಿಗೆ ನಡೆದರು. ಗಡಿಗೆಗಳ ಸಾಲಿನ ಹತ್ತಿರ ನಿಂತರು. ಕೆಮ್ಮಿದರು. ಆಚೆಯಿಂದ ಆಯಿ ‘ಬಾ’ ಅಂದ ಮೇಲೆ ಕಾಲು ಎತ್ತಿದರು.

ಅಳತೆಯ ದಿನವೂ ಕೆಮ್ಮಿಯೇ ಆಚೆ ಹೋಗಿದ್ದರು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತೆ.

‘ಕಾಕಾ, ಅಲ್ಲಿ ಕೋಣಿ ಇಲ್ಲಂದ್ರ, ಈಗ ನೀವು ಕೆಮ್ಮಿದ್ದು ಯಾಕ್ರಿ?’