ನಾಟಿ ಗದ್ದೆಯಲ್ಲಿ ನನ್ನ ರ್ಯಾಪು

ನಮ್ಮವ್ವ ನಾಟಿ ಪದ ಹೇಳುತ್ತಿದ್ದಳು. ಸಾಲಿಗ್ರಾಮದ ಸುತ್ತಲಿನ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟರೆ ಸಾಕು, ಗದ್ದೆಯವರು ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವ್ವನ ಕೈ ಅಂಥ ಚುರುಕೇನಲ್ಲ. ಆದರೆ ಅವಳು ಒಂದು ಸಾಲು ಎತ್ತಿಕೊಟ್ಟರೆ ಹೆಂಗಸರೆಲ್ಲ ಅದನ್ನೇ ತಿರುಗಿ ಹೇಳುತ್ತ, ಪದದ ಓಟಕ್ಕೆ ಪೈರು ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಪದ ನಿಂತರೆ ಮಾತು ಶುರು, ಮಾತು ಶುರುವಾದರೆ ಕೈ ನಿಧಾನ. ಗದ್ದೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೂಲಿ ಎಲ್ಲರಿಗೂ ಒಂದೇ, ಪದಕ್ಕೆ ಅಂತ ಬೇರೆ ಏನೂ ಇಲ್ಲ. ಆದರೆ ಆಳು ಕರೆಯುವಾಗ ಮೊದಲ ಕರೆ ಅವ್ವನಿಗೇ. ಅಪ್ಪ ತೀರಿಕೊಂಡ ಮೇಲೆ ನಮ್ಮನೆ ಒಲೆ ಉರಿದದ್ದು ಆ ಕರೆಯಿಂದ.

ನಾನು ಕೆ.ಆರ್. ನಗರದಲ್ಲಿ ಡಿಗ್ರಿ ಓದಲು ಹೋಗಿ, ಫೇಲಾಗಿ, ರ್ಯಾಪು ಹಾಡುವವನಾದೆ. ಕೇಬಲ್ ಟೀವಿಯಲ್ಲಿ ಯಾರೋ ಕೈ ಬೀಸಿಕೊಂಡು ಬಡಬಡಾಂತ ಹೇಳುತ್ತಿದ್ದುದನ್ನು ನೋಡಿದ ದಿನ, ಅರೆ, ಇದು ನಮ್ಮವ್ವನ ಕೆಲಸವೇ ಅಲ್ಲವಾ ಅನ್ನಿಸಿಬಿಟ್ಟಿತು. ಉಸಿರು ಹಿಡಿದು ತಾಳಕ್ಕೆ ಮಾತು ಕಟ್ಟುವುದು ತಾನೆ? ಅವಳ ನಾಟಿಯ ಓಟವನ್ನೇ ಹಿಡಿದು ನಾನೊಂದು ಕಟ್ಟಿದೆ. ಊರವರು ಬಿದ್ದು ಬಿದ್ದು ನಕ್ಕರು.

“ಅದೇನ್ಲಾ, ಆಡು ಯೋಳ್ತಿದ್ದೀಯೋ, ಜಗಳಕ್ಕೆ ನಿಂತಿದ್ದೀಯೋ?”

ಅವ್ವ ನಗಲಿಲ್ಲ. “ಪದ ಯೋಳ್ಕೊಂಡು ಯಾರ್ಲಾ ಬದುಕವ್ರೆ?” ಅಂದಳು.

“ನೀನೇ ಬದುಕಿಲ್ವೇನವ್ವಾ?”

“ನಾನು ಪೈರು ನೆಟ್ಟು ಬದುಕಿರದು ಕಣ್ಲಾ. ಪದ ಬಿಟ್ಟಿ.”

ಆ ಮಾತು ನನಗೆ ಚುಚ್ಚಿತು. ಆಗಲೇ ಅವಳಿಗೆ ಸೊಂಟ ನೋವು ಶುರುವಾಗಿತ್ತು. ಬಗ್ಗಿದವಳು ಏಳಬೇಕಾದರೆ ಮೊಣಕಾಲ ಮೇಲೆ ಕೈಯೂರಬೇಕಿತ್ತು. “ನೋಡ್ತಿರು, ನನ್ನ ಹಾಡಿಂದ್ಲೇ ನಿನ್ನ ಕೆಸರು ಬಿಡಿಸ್ತೀನಿ,” ಅಂದೆ. ಜಂಬದಿಂದಲೇ ಅಂದೆ, ಆದರೆ ಸುಳ್ಳು ಹೇಳಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ.

ಮೈಸೂರಿನಲ್ಲಿ ಆರ್ಕೆಸ್ಟ್ರಾದ ಕೀಬೋರ್ಡಿನವನೊಬ್ಬನ ಕಾಲು ಹಿಡಿದು ಹಾಡು ರೆಕಾರ್ಡು ಮಾಡಿಸಿದೆ. ಸೀಡಿಗಳನ್ನು ಚೀಲಕ್ಕೆ ತುಂಬಿಕೊಂಡು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂತ ಬಸ್ ಸ್ಟ್ಯಾಂಡುಗಳನ್ನು ಅಲೆದೆ. ಹುಣಸೂರಿನಲ್ಲಿ ಒಂದು ಮೊಬೈಲ್ ಅಂಗಡಿಯವನು ನಗುನಗುತ್ತ ಒಂದು ಕಟ್ಟು ಇಟ್ಟುಕೊಂಡ. ತಿಂಗಳು ಬಿಟ್ಟು ಹೋದರೆ ಕಟ್ಟು ಹಾಗೇ ಇದೆ, ಮೇಲಿನದೊಂದು ಮಾತ್ರ ಬಿಚ್ಚಿದೆ. ಅಂಗಡಿ ಮುಂದೆ ಮಾತ್ರ ಜನವೋ ಜನ. ಎಲ್ಲರೂ ಮೆಮೊರಿ ಕಾರ್ಡು ಹಿಡಿದು ನಿಂತಿದ್ದಾರೆ.

“ಬನ್ನಿ ಬನ್ನಿ! ನಿಮ್ ಹಾಡು ಸಖತ್ತಾಗಿ ಓಡ್ತಾದೆ ಕಣ್ರೀ. ಬಂದೋರ ಕಾರ್ಡಿಗೆಲ್ಲ ನಾನೇ ಹಾಕ್ಕೊಡ್ತಿವ್ನಿ.”

“ಸೀಡಿ ಯಾರೂ ತಗೊಳ್ಲಿಲ್ವಾ?”

“ಸೀಡಿ ಯಾರ್ರೀ ತಗೋತಾರೆ ಈಗ? ಒಂದು ತೆಗ್ದು ಕಂಪ್ಯೂಟ್ರಿಗೆ ಹಾಕ್ದೆ, ಮುಗೀತು. ಕಾರ್ಡು ತುಂಬಿಸ್ಕೊಂಡ್ರೆ ಅದ್ರೊಳ್ಗೆ ನಿಮ್ದೂ ಬತ್ತದೆ. ನಿಮ್ಗೆ ಪ್ರಚಾರ ಅಲ್ವಾ?”

ಕೆಟ್ಟವನಲ್ಲ ಆತ. ಟೀ ತರಿಸಿ ಕೊಟ್ಟ. ನನಗೆ ಉಪಕಾರ ಮಾಡಿದ್ದೇನೆ ಅಂತಲೇ ನಂಬಿದ್ದ. ಹೊಡೆಯೋಣ ಅನ್ನಿಸಿತು, ಟೀ ಕುಡಿದು ಬಂದೆ.

ಅಂತರಸಂತೆಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ನನ್ನ ದನಿಯೇ ಕೇಳಿಸಿತು. ತಿರುಗಿ, ಇದು ನನ್ನ ಹಾಡು ಅಂದೆ. “ನಮ್ದೂ ಅದೇ ಕಣಣ್ಣ,” ಅಂದ ಆತ ಖುಷಿಯಿಂದ, ಸೌಂಡು ಜಾಸ್ತಿ ಮಾಡಿದ. ಬಿಳಿಕೆರೆಯ ಗಣೇಶನ ಮುಂದೆ ಹಾಡಿಸಿದವರು ಶಾಲು ಹೊದಿಸಿದರು. ಪಿರಿಯಾಪಟ್ಟಣದವರೂ ಶಾಲೇ ಹೊದಿಸಿದರು. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬ ಖಾಲಿಯಾದದ್ದುಂಟು, ಶಾಲಿಗೆ ಬರ ಬರಲಿಲ್ಲ. ಕಡೆಗೆ ಪಿರಿಯಾಪಟ್ಟಣದ ಕಡೆಯ ಸೋದರಮಾವನ ಹತ್ತಿರ, ತಂಬಾಕು ಎಲೆ ಒಣಗಿಸುವ ಬ್ಯಾರನ್ನಿನ ಕೆಲಸಕ್ಕೆ ಸೇರಿಕೊಂಡೆ. ಹಸಿ ಎಲೆ ಕಡ್ಡಿಗೆ ಕಟ್ಟುವುದು, ಒಲೆಗೆ ಸೌದೆ ಹಾಕುವುದು. ಹಾಡು ಕಟ್ಟುವುದನ್ನು ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ಯಾಕೆ ಬಿಟ್ಟೆ ಅಂತಲೂ ಕೇಳಲಿಲ್ಲ.

ಮಾರನೆ ವರ್ಷ ನಾಟಿ ಕಾಲದಲ್ಲಿ ಊರಿಗೆ ಬಂದೆ. ಅವ್ವ ಮಟಮಟ ಮಧ್ಯಾಹ್ನ ಜಗುಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ಕಾಲಿನಲ್ಲಿ ಒಂದು ಚೂರೂ ಕೆಸರಿಲ್ಲ. ನಾಟಿ ಕಾಲದಲ್ಲಿ ಅವಳ ಕಾಲನ್ನು ನಾನು ಹಾಗೆ ನೋಡಿದ್ದೇ ಇಲ್ಲ.

“ಯಾಕವ್ವಾ, ಹುಷಾರಿಲ್ವಾ?”

“ಚೆನ್ನಾಗಿವ್ನಿ. ಕರೀಲಿಲ್ಲ ಕಣ್ಲಾ.”

“ನಿನ್ನನ್ನಾ?”

ಅವಳು ರಸ್ತೆಯಾಚೆ ಗದ್ದೆಯ ಕಡೆ ಕತ್ತು ತಿರುಗಿಸಿದಳು. ಅವಳ ಗುಂಪಿನ ಹೆಂಗಸರೇ ಸಾಲಾಗಿ ಬಗ್ಗಿದ್ದರು. ಬಾಯಿ ಯಾರದ್ದೂ ಆಡುತ್ತಿರಲಿಲ್ಲ. ಬದುವಿನ ಮೇಲೆ ಗದ್ದೆಯವನು ಒಂದು ಸ್ಟೀಲ್ ಬಿಂದಿಗೆಯನ್ನು ಮಲಗಿಸಿ, ಅದರೊಳಗೆ ತನ್ನ ಚೀನಾ ಸೆಟ್ ಮೊಬೈಲು ಇಟ್ಟಿದ್ದ. ಬಿಂದಿಗೆಯಿಂದ ಊರಿಗೆಲ್ಲ ಕೇಳುವ ಹಾಗೆ ಬರುತ್ತಿದ್ದದ್ದು ನನ್ನ ದನಿ. ಆ ಹೆಂಗಸರು ನನ್ನ ಓಟಕ್ಕೆ, ಅಂದರೆ ಅವ್ವನ ಓಟಕ್ಕೆ, ಸರಸರ ಪೈರು ನೆಡುತ್ತಿದ್ದರು. ಅದು ಮುಗಿದರೆ ಮತ್ತೆ ಅದೇ. ಅದಕ್ಕೆ ಸೊಂಟ ನೋವಿಲ್ಲ, ಕೂಲಿಯೂ ಇಲ್ಲ.

ನನಗೆ ಅಳು ಬಂತು. ಕೆಸರು ಬಿಡಿಸ್ತೀನಿ ಅಂದಿದ್ದೆ, ಬಿಡಿಸಿದ್ದೆ. ಓಡಿಹೋಗಿ ಆ ಬಿಂದಿಗೆಯನ್ನು ಒದೆಯಬೇಕು ಅಂತ ಜಗುಲಿಯಿಂದ ಇಳಿದೆ. ಅವ್ವ ತೋಳು ಹಿಡಿದಳು. ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಪದ ಹೇಳುವ ಇನ್ನೊಬ್ಬಳನ್ನು ಕೇಳಿಸಿಕೊಳ್ಳುವ ಹಾಗೆ.

“ಚೆನ್ನಾಗದೆ ಕಣ್ಲಾ,” ಅಂದಳು. “ಕೈ ಓಡ್ತದೆ ಅದುಕ್ಕೆ.”