ಹಲಸಿನೆಲೆಯ ಮೇಲಿನ ಕಾಗುಣಿತ

ಕಳೆದ ಭಾನುವಾರ ಮನೆಗೆ ಬಂದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬೆಂದ ಹಲಸಿನೆಲೆಯ ವಾಸನೆ. ಕೊಟ್ಟೆ ಕಡುಬು! ಡೊಂಬಿವಲಿಯ ನಮ್ಮ ಹಳೆ ಬಿಲ್ಡಿಂಗಿನಲ್ಲಿ ಆ ವಾಸನೆ ಬಂದರೆ ಎದುರು ಮನೆಯ ಟೀಚರ್ ಅಡುಗೆಮನೆಯಲ್ಲಿದ್ದಾರೆ ಎಂದೇ ಅರ್ಥ...

ಟೀಚರ್ ಉಡುಪಿ ಕಡೆಯವರು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಮಾಡಿ ನಿವೃತ್ತರಾದವರು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಅವರ ಕೈಗೆ ಸ್ವಂತ ಮೊಮ್ಮಗಳು ಮಾತ್ರ ಸಿಕ್ಕಿರಲಿಲ್ಲ. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಸ್ಲೇಟು ಕಂಡರೆ "ಅಜ್ಜಿ, ಬೋರ್ ಹೋತಾ ಹೈ" ಎಂದು ಮೆಟ್ಟಿಲಿನತ್ತ ಓಟ. ತಾನು ಕಣ್ಣು ಮುಚ್ಚುವುದರೊಳಗೆ ಅವಳು ಕನ್ನಡ ಓದಬೇಕು, ಟೀಚರಿಗೆ ಇದೊಂದೇ ಹಂಬಲ.

ನಾನಾಗ ಠಾಣೆಯಲ್ಲಿ ವಿಡಿಯೋ ಗೇಮ್ ಮಾಡುವ ಆಫೀಸಿನಲ್ಲಿದ್ದೆ. ಆಟದೊಳಗಿನ ದ್ವೀಪದ ಜನರಿಗೆ ನಾವೇ ಒಂದು ಭಾಷೆ ಕಟ್ಟಿದ್ದೆವು. ಅದಕ್ಕೆ ನಮ್ಮ ದೇಶದ ಲಿಪಿಗಳ ಜಾಯಮಾನದ ಅಕ್ಷರ ರೂಪಿಸುವ ಕೆಲಸ ನನ್ನದು. ಮರಾಠಿಯ ಹಾಗೆ ತಲೆಗೆರೆ ಎಳೆದು, ಬೀಗುತ್ತಾ ತಂದು ತೋರಿಸಿದೆ. ಟೀಚರ್ ಹಲಸಿನೆಲೆಗಳನ್ನು ಕಡ್ಡಿಯಿಂದ ಚುಚ್ಚಿ, ಕಡುಬಿನ ಹಿಟ್ಟು ಹೊಯ್ಯುವ ಕೊಟ್ಟೆ ಕಟ್ಟುತ್ತಿದ್ದರು.

"ನಿನ್ನ ಜನ ಎಂತದರ ಮೇಲೆ ಬರೆಯುವುದು ಮಾರಾಯ್ತಿ?"

"ಎಲೆಯ ಮೇಲೆ ಟೀಚರ್."

ಕೈಯಲ್ಲಿದ್ದ ಕಡ್ಡಿಯಿಂದ ಎಲೆಗೆ ನನ್ನ ತಲೆಗೆರೆ ಎಳೆದರು. ಎಲೆ ಸೀಳಿತು. "ನೋಡು, ಮೊದಲನೇ ಅಕ್ಷರಕ್ಕೇ ಪುಸ್ತಕ ಹರಿಯಿತು!"

ತಲೆಗೆರೆ ಕೈಬಿಟ್ಟೆ, ಮೂಲೆಗಳನ್ನೆಲ್ಲ ಉರುಟು ಮಾಡಿದೆ. ಅಕ್ಷರಗಳು ಚಂದವಾದವು, ಹಾಗೆನ್ನಲು ನನಗೇನೂ ಸಂಕೋಚವಿಲ್ಲ. ಮೊಮ್ಮಗಳು ಬಗ್ಗಿ ನೋಡಿ, "ಸೀಕ್ರೆಟ್ ಕೋಡ್ ಹೈ ಕ್ಯಾ?" ಎಂದಳು. ಟೀಚರ್ ನನ್ನತ್ತ ಕಣ್ಣು ಮಿಟುಕಿಸಿದರು. ನನ್ನ ಅಕ್ಷರಗಳನ್ನು ಕ ಕಾ ಕಿ ಕೀ ಸಾಲಿನಲ್ಲೇ ಜೋಡಿಸಿ ಅವಳಿಗೆ ಕಲಿಸಿದರು. ಹುಡುಗಿ ಮೆಟ್ಟಿಲಿಳಿಯುತ್ತಾ ದ್ವೀಪದ ಕಾಗುಣಿತ ಹಾಡತೊಡಗಿದಳು. ಆಮೇಲೊಂದು ದಿನ ಟೀಚರ್ ಆ ಅಕ್ಷರ ಒಂದೊಂದರ ಕೆಳಗೂ ಕನ್ನಡದ ಅಕ್ಷರ ಬರೆದು, "ಮಗು ಅದೇ, ಅಂಗಿ ಮಾತ್ರ ಬೇರೆ" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಅಡುಗೆಮನೆಯ ಕನ್ನಡ ಕ್ಯಾಲೆಂಡರ್ ಮುಂದೆ ನಿಂತು ತಡವರಿಸಿದಳು: "ಭಾ... ನು... ವಾ... ರ." ಟೀಚರ್ ಥಟ್ಟನೆ ಬೆನ್ನು ತಿರುಗಿಸಿ, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದರು.

ಆಟ ಹೊರಬರಲೇ ಇಲ್ಲ, ಆಫೀಸಿನವರು ಅರ್ಧಕ್ಕೇ ಕೈಬಿಟ್ಟರು. ಆ ಲಿಪಿ ಓದಬಲ್ಲವರು ಲೋಕದಲ್ಲಿ ನಾವು ಮೂವರೇ ಉಳಿದೆವು. ಹೋದ ವರ್ಷ ಟೀಚರ್ ತೀರಿಕೊಂಡ ಮೇಲೆ ಇಬ್ಬರು...

ಈ ಕಡುಬು ಕಳಿಸಿದವಳು ಆ ಮೊಮ್ಮಗಳೇ. ಈಗ ವಾಶಿಯಲ್ಲಿ ಕೆಲಸದಲ್ಲಿದ್ದಾಳೆ. ಕೊಟ್ಟೆ ಬಿಚ್ಚಿದರೆ ಎಲೆಯ ಮೇಲೆ ಗೀರಿದ ಸಾಲು. ಲಿಪಿ ದ್ವೀಪದ್ದು, ಮಾತು ಕನ್ನಡ: "ಅಜ್ಜಿ ಮಾಡಿದ ಹಾಗೆ ಆಗಲಿಲ್ಲ."

ತಿಂದು ನೋಡಿದೆ. ಆಗಿರಲಿಲ್ಲ. ಎಲೆ ತೊಳೆದು ಒರೆಸಿ, ಹಿಂಬದಿಗೆ ಪಿನ್ನಿನಿಂದ ಅದೇ ಲಿಪಿಯಲ್ಲಿ ಉತ್ತರ ಗೀರಿ, ಡಬ್ಬಿಯೊಳಗಿಟ್ಟೆ: "ನಿಜ. ಮುಂದಿನ ಭಾನುವಾರ ಮತ್ತೆ ಮಾಡು."